ಸ್ಕ್ಯಾನರ್ ರೇಡಿಯೋ: ಆಯ್ಕೆ ಮತ್ತು ಆರೈಕೆ



'ಆಕಾಶವಾಣಿ' ಎಂಬ ಪದ ಮೊದಲು ಬಾನುಲಿಗೆ ಅಂಟಿಕೊಂಡದ್ದು ನಮ್ಮ ಮೈಸೂರಿನಲ್ಲಿ. 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಅಲ್ಲಿ ಆರಂಭಿಸಿದ ಪುಟ್ಟ ಕೇಂದ್ರದ ಹೆಸರು ಅದು. ಆಕಾಶವಾಣಿ ಮಾತನಾಡುವುದು ಎಲ್ಲರೂ ಕೇಳಲೆಂದು. ಆದರೆ ಆಕಾಶದಲ್ಲಿ ಬೇರೆ ಮಾತುಗಳೂ ಹರಿದಾಡುತ್ತಿರುತ್ತವೆ. ವಿಮಾನ ಚಾಲಕರು, ಅಗ್ನಿಶಾಮಕ ದಳದವರು, ಹ್ಯಾಮ್ ರೇಡಿಯೋ ಹವ್ಯಾಸಿಗಳು ತಮ್ಮತಮ್ಮಲ್ಲಿ ಆಡುವ ಮಾತುಗಳಿವು. ಇವನ್ನು ಹುಡುಕಿ ನಮಗೆ ಕೇಳಿಸುವ ಯಂತ್ರವೇ ಸ್ಕ್ಯಾನರ್.

ಇದರ ಬಗ್ಗೆ ಬರೆಯಲು ಒಂದು ಕಾರಣವಿದೆ. 2019ರ ಅಕ್ಟೋಬರ್ 20, ಭಾನುವಾರ ರಾತ್ರಿ ಒಂಬತ್ತರ ಸುಮಾರಿಗೆ ಉತ್ತರ ಡಾಲಸ್‌ಗೆ ಸುಂಟರಗಾಳಿ ಅಪ್ಪಳಿಸಿತು. ಕರೆಂಟ್ ಹೋಯಿತು. ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಮಕ್ಕಳೊಡನೆ ಮುದುಡಿ ಕುಳಿತೆವು. ಮೊಬೈಲ್ ಪರದೆಯ ಮೇಲೆ ಚಕ್ರ ತಿರುಗುತ್ತಿತ್ತೇ ಹೊರತು ಸುದ್ದಿ ಬರಲಿಲ್ಲ. ಗರಾಜ್ ಸೇಲ್‌ನಲ್ಲಿ ಇಪ್ಪತ್ತು ಡಾಲರಿಗೆ ತಂದಿದ್ದ ಹಳೆಯ ಸ್ಕ್ಯಾನರ್ ಹಚ್ಚಿದೆವು. ಕೊಂಡ ದಿನ ವಿಮಾನಗಳ ಮಾತು ಚೆನ್ನಾಗಿ ಕೇಳಿಸಿದ್ದ ಆ ಯಂತ್ರ, ಅಂದು ಅಗ್ನಿಶಾಮಕ ದಳದ ಒಂದು ಮಾತನ್ನೂ ಹಿಡಿಯಲಿಲ್ಲ. "ಅಮ್ಮಾ, ಗಾಳಿ ಹೋಯ್ತಾ?" ಎಂದು ಮಗಳು ಕೇಳಿದಾಗ ನಮ್ಮ ಬಳಿ ಉತ್ತರವಿರಲಿಲ್ಲ. ಯಂತ್ರ ಕೆಟ್ಟಿರಲಿಲ್ಲ, ಆಯ್ಕೆ ತಪ್ಪಾಗಿತ್ತು.

ಕೆಲಸ ಮಾಡುವ ಬಗೆ

ತರಗತಿಯಲ್ಲಿ ನಾವು ಹಾಜರಿ ಕರೆಯುವುದನ್ನು ನೆನಪಿಸಿಕೊಳ್ಳಿ. ಒಂದೊಂದೇ ಹೆಸರು ಕೂಗುತ್ತಾ ಹೋಗುತ್ತೇವೆ; ಉತ್ತರ ಬಂದಲ್ಲಿ ನಿಲ್ಲುತ್ತೇವೆ. ಸ್ಕ್ಯಾನರ್ ಕೂಡ ತನ್ನ ನೆನಪಿನಲ್ಲಿರುವ ಆವರ್ತನಗಳನ್ನು ಸರಸರನೆ ತಟ್ಟುತ್ತಾ ಸಾಗಿ, ಮಾತು ಇದ್ದಲ್ಲಿ ನಿಲ್ಲುತ್ತದೆ. ಮಾತಿಲ್ಲದಾಗ ಬರುವ 'ಸ್ಸ್' ಸದ್ದನ್ನು ತಡೆಹಿಡಿಯುವ ವ್ಯವಸ್ಥೆಗೆ ಸ್ಕ್ವೆಲ್ಚ್ ಎನ್ನುತ್ತಾರೆ.

ಕೊಳ್ಳುವ ಮುನ್ನ

1. ಏನು ಕೇಳಬೇಕೆಂದು ಮೊದಲು ನಿರ್ಧರಿಸಿ. ಹವಾಮಾನದ ಎಚ್ಚರಿಕೆ ಮಾತ್ರ ಸಾಕೆಂದರೆ ಸ್ಕ್ಯಾನರ್ ಬೇಡ, ಅದಕ್ಕಿಂತ ಬಹಳ ಅಗ್ಗವಾದ ವೆದರ್ ರೇಡಿಯೋ ಸಾಕು. ಅಮೆರಿಕದಲ್ಲಿ ಈ ಸೇವೆ 162.400ರಿಂದ 162.550 ಮೆಗಾಹರ್ಟ್ಸ್‌ವರೆಗಿನ ಏಳು ಆವರ್ತನಗಳಲ್ಲಿದೆ. 'ಸೇಮ್' ಸೌಲಭ್ಯವಿರುವ ರೇಡಿಯೋಗೆ ನಿಮ್ಮ ಕೌಂಟಿಯ ಆರಂಕಿ ಸಂಖ್ಯೆ ಕೊಟ್ಟರೆ (ಡಾಲಸ್ 048113, ಕಾಲಿನ್ 048085), ಆ ಕೌಂಟಿಗೆ ಎಚ್ಚರಿಕೆ ಬಂದಾಗ ನಡುರಾತ್ರಿಯಲ್ಲೂ ಕೂಗಿ ಎಬ್ಬಿಸುತ್ತದೆ. ಮನೆಗೆ ಮೊದಲು ಬರಬೇಕಾದದ್ದು ಇದು.

2. ನಿಮ್ಮ ಊರಿನ ವ್ಯವಸ್ಥೆ ಯಾವುದು? ಅನಲಾಗ್ ಆದರೆ ಸಾಧಾರಣ ಸ್ಕ್ಯಾನರ್ ನಡೆಯುತ್ತದೆ. ಹಲವು ಊರುಗಳು 'ಪಿ25' ಎಂಬ ಡಿಜಿಟಲ್ ಪದ್ಧತಿಗೆ ಬದಲಾಗಿವೆ. ಅದರಲ್ಲಿ ಫೇಸ್ 1, ಫೇಸ್ 2 ಎಂದು ಎರಡು ಬಗೆ. ಎರಡನ್ನೂ ಹಿಡಿಯುವ ಯಂತ್ರವೇ ಲೇಸು. ನಾವು ಎಡವಿದ್ದು ಇಲ್ಲಿಯೇ. ಹಲವು ಗೋಪುರಗಳು ಒಂದೇ ಆವರ್ತನದಲ್ಲಿ ಒಟ್ಟಿಗೆ ಪ್ರಸಾರ ಮಾಡುವ ಕಡೆ ಸಾಮಾನ್ಯ ಡಿಜಿಟಲ್ ಸ್ಕ್ಯಾನರ್‌ನಲ್ಲಿ ಮಾತು ಮುರಿದು ಬರಬಹುದು. ಯೂನಿಡೆನ್ ಎಸ್‌ಡಿಎಸ್100ರಂಥ ದುಬಾರಿ ಯಂತ್ರಗಳು ರೂಪುಗೊಂಡದ್ದು ಈ ತೊಡಕಿಗಾಗಿ.

3. ಗೂಢಲಿಪಿಯಲ್ಲಿ ಹೋಗುವ ಮಾತನ್ನು ಯಾವ ಸ್ಕ್ಯಾನರ್ ಕೂಡ ಬಿಡಿಸಿ ಹೇಳುವುದಿಲ್ಲ. "ಎಲ್ಲವೂ ಕೇಳುತ್ತದೆ" ಎಂದು ಮಾರುವವರನ್ನು ನಂಬಬೇಡಿ.

4. ಹಳೆಯದನ್ನು ಕೊಳ್ಳುವಾಗ ಸೆಲ್ ಹಾಕುವ ಗೂಡನ್ನು ತೆರೆದು ನೋಡಿ. ಬಿಳಿ ಪುಡಿ ಅಥವಾ ಹಸಿರು ಕಿಲುಬು ಇದ್ದರೆ ಬಿಟ್ಟುಬಿಡಿ. ಪ್ರತಿಯೊಂದು ಗುಂಡಿಯನ್ನೂ ಒತ್ತಿ ನೋಡಿ. ಹವಾಮಾನ ವಾಹಿನಿ ದಿನದ 24 ಗಂಟೆಯೂ ಮಾತನಾಡುವುದರಿಂದ ಕಿವಿಯ ಪರೀಕ್ಷೆಗೆ ಅದೇ ಒಳ್ಳೆಯದು. ಆದರೆ ಅದು ಕೇಳಿಸಿತೆಂದ ಮಾತ್ರಕ್ಕೆ ಡಿಜಿಟಲ್ ಮಾತೂ ಕೇಳಿಸುತ್ತದೆಂದು ತಿಳಿಯಬೇಡಿ.

5. ಕಾನೂನು ತಿಳಿದುಕೊಳ್ಳಿ. ಅಮೆರಿಕದಲ್ಲಿ ಮನೆಯಲ್ಲಿ ಕುಳಿತು ಕೇಳಲು ಸಾಮಾನ್ಯವಾಗಿ ಅಡ್ಡಿಯಿಲ್ಲ; ಕೆಲವು ರಾಜ್ಯಗಳಲ್ಲಿ ಕಾರಿನಲ್ಲಿ ಇಟ್ಟುಕೊಳ್ಳಲು ನಿರ್ಬಂಧವಿದೆ. ಬೇರೆ ದೇಶಗಳ ನಿಯಮವೇ ಬೇರೆ. ಕೇಳಿದ್ದನ್ನು ಊರೆಲ್ಲ ಸಾರುವುದಾಗಲಿ, ಬೆಂಕಿ ಬಿದ್ದ ಜಾಗಕ್ಕೆ ನೋಡಲು ಓಡುವುದಾಗಲಿ ಸರಿಯಲ್ಲ. ಅಲ್ಲಿರುವುದು ಯಾರದೋ ಕಷ್ಟ.

ಆಂಟೆನಾದ ಲೆಕ್ಕ

300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತರಂಗಾಂತರ ಮೀಟರಿನಲ್ಲಿ ಸಿಗುತ್ತದೆ. 162.4ಕ್ಕೆ ಅದು ಸುಮಾರು 1.85 ಮೀಟರ್, ಅದರ ಕಾಲುಭಾಗ 46 ಸೆಂಟಿಮೀಟರ್. ಆಂಟೆನಾ ಈ ಕಾಲುಭಾಗದಷ್ಟಿದ್ದರೆ ಸಂಕೇತವನ್ನು ಚೆನ್ನಾಗಿ ಹಿಡಿಯುತ್ತದೆ. ಯಂತ್ರದ ಜೊತೆ ಬರುವ ಗಿಡ್ಡ ರಬ್ಬರ್ ಆಂಟೆನಾ ಎಲ್ಲಕ್ಕೂ ಒಗ್ಗುವಂತೆ ಮಾಡಿದ್ದು, ಹಾಗಾಗಿ ಯಾವುದಕ್ಕೂ ಪೂರ್ತಿ ಒಗ್ಗದು. ಯಂತ್ರವನ್ನು ಕಿಟಕಿಯ ಬಳಿ ಇಟ್ಟರೇ ಎಷ್ಟೋ ವ್ಯತ್ಯಾಸ ಕಾಣುತ್ತದೆ.

ಬಾಳಿಕೆ ಬರಲು

ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್‌ಗಳನ್ನು ತೆಗೆದಿಡಿ. ಸೋರಿದ ಆಲ್ಕಲೈನ್ ಸೆಲ್ ಯಂತ್ರದ ಲೋಹವನ್ನು ತಿನ್ನುತ್ತದೆ. ಸ್ವಲ್ಪವೇ ಸೋರಿದ್ದರೆ ದೊಡ್ಡವರು ಕೈಗವಸು ತೊಟ್ಟು, ಹತ್ತಿಗೆ ವಿನೆಗರ್ ಹಚ್ಚಿ ಒರೆಸಿ ಒಣಗಿಸಬಹುದು. ಆಲ್ಕಲೈನ್ ಸೆಲ್‌ಗಳನ್ನು ಎಂದೂ ಚಾರ್ಜ್ ಮಾಡಬಾರದು. ಅಡಾಪ್ಟರ್ ಬದಲಿಸುವಾಗ ವೋಲ್ಟೇಜ್ ಮತ್ತು ಧನ-ಋಣ ತುದಿ ಎರಡನ್ನೂ ನೋಡಿ. ಟೆಕ್ಸಸ್‌ನ ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಬಿಡಬೇಡಿ. ಆಂಟೆನಾ ಹಿಡಿದು ಯಂತ್ರವನ್ನು ಎತ್ತಬೇಡಿ. ಬುಡದ ಕನೆಕ್ಟರ್ ಸಡಿಲವಾಗುತ್ತದೆ. ಮನೆಯ ಹೊರಗೆ ಆಂಟೆನಾ ಕಟ್ಟಿದ್ದರೆ ಅದಕ್ಕೆ ಅರ್ಥಿಂಗ್ ಇರಲಿ. ಸಿಡಿಲಿನ ಮೋಡ ಬರುವ ಮೊದಲೇ ತಂತಿ ಕಳಚಿ, ಗಿಡ್ಡ ಆಂಟೆನಾ ಹಾಕಿಕೊಳ್ಳಿ. ಸಿಡಿಲು ಶುರುವಾದ ಮೇಲೆ ಆ ತಂತಿಯನ್ನು ಮುಟ್ಟಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ತಿಂಗಳಿಗೊಮ್ಮೆ ಹಚ್ಚಿ ಕೇಳಿ. 2013ರ ಜನವರಿ 1ರಿಂದ ಇಲ್ಲಿನ ಅನೇಕ ಸಂಸ್ಥೆಗಳ ರೇಡಿಯೋ ವಾಹಿನಿಗಳ ಅಗಲವನ್ನು 25ರಿಂದ 12.5 ಕಿಲೋಹರ್ಟ್ಸ್‌ಗೆ ಇಳಿಸಲಾಯಿತು. ಇಂಥ ಬದಲಾವಣೆಗಳು ಮುಂದೆಯೂ ಬರುತ್ತವೆ. ಚೆನ್ನಾಗಿರುವ ಯಂತ್ರವೂ ನಮ್ಮ ಅರಿವಿಲ್ಲದೆ ಮೂಕವಾಗಬಹುದು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಎಂಬ ಗಾದೆಯನ್ನು ಪಾಠ ಮಾಡುವ ನಾವೇ ಆ ರಾತ್ರಿ ಅದಕ್ಕೆ ಉದಾಹರಣೆಯಾಗಿ ಕುಳಿತಿದ್ದೆವು. ಈಗ ನಮ್ಮ ಮನೆಯ ವೆದರ್ ರೇಡಿಯೋದ ಸೆಲ್ ನೋಡುವ ಕೆಲಸ ಮಗಳದು. ಒಂದು ತಿಂಗಳೂ ತಪ್ಪಿಸಿಲ್ಲ.

ಅಭ್ಯಾಸ

1. 127 ಮೆಗಾಹರ್ಟ್ಸ್‌ನ ವಿಮಾನ ವಾಹಿನಿಗೆ ಕಾಲುಭಾಗದ ಆಂಟೆನಾ ಎಷ್ಟು ಉದ್ದವಿರಬೇಕು? (ಉತ್ತರ: ಸುಮಾರು 59 ಸೆಂ.ಮೀ.)
2. ನಿಮ್ಮ ಕೌಂಟಿಯ ಆರಂಕಿ ಸಂಖ್ಯೆ ಕಂಡುಹಿಡಿದು ಫ್ರಿಜ್ ಮೇಲೆ ಬರೆದು ಅಂಟಿಸಿ.
3. ಕರೆಂಟ್ ಹೋದರೆ ನಿಮ್ಮ ಮನೆಯಲ್ಲಿ ಸುದ್ದಿ ಎಲ್ಲಿಂದ ಬರುತ್ತದೆ? ಅಪ್ಪ ಅಮ್ಮನನ್ನು ಕೇಳಿ, ಐದು ವಾಕ್ಯಗಳಲ್ಲಿ ಬರೆಯಿರಿ.