ಟೈಮಿಂಗ್ ಬೆಲ್ಟ್ ಬಿಚ್ಚಿದಾಗ ಇನ್ನೇನು ಬದಲಿಸಬೇಕು?

ಗ್ಯಾರೇಜಿನವರು ಕೊಡುವ ಎಸ್ಟಿಮೇಟಿನಲ್ಲಿ ಟೈಮಿಂಗ್ ಬೆಲ್ಟ್ ಒಂದೇ ಇರುವುದಿಲ್ಲ. ಟೆನ್ಷನರ್, ಐಡ್ಲರ್, ವಾಟರ್ ಪಂಪ್, ಆಯಿಲ್ ಸೀಲ್, ಕೂಲೆಂಟ್ ಎಂದು ಪಟ್ಟಿ ಬೆಳೆದಿರುತ್ತದೆ. ಯಾವುದಕ್ಕೆ ಹೂಂ ಅನ್ನಬೇಕು, ಯಾವುದನ್ನು ಬೇಡ ಎನ್ನಬಹುದು? ಪ್ರತಿ ಭಾಗಕ್ಕೂ ಒಂದೇ ಪ್ರಶ್ನೆ ಹಾಕಿ: ಇದು ನಾಳೆ ಕೆಟ್ಟರೆ ಮತ್ತೆ ಬೆಲ್ಟ್ ಬಿಚ್ಚಬೇಕೇ? ಬಿಚ್ಚಬೇಕಾದರೆ ಈಗಲೇ ಬದಲಿಸಿ. ಇಲ್ಲದಿದ್ದರೆ ಅದೇ ಲೇಬರ್ ಎರಡು ಸಲ ತೆರಬೇಕಾಗುತ್ತದೆ.

ಮೊದಲು ನಿಮ್ಮ ಎಂಜಿನ್‌ನಲ್ಲಿ ಇರುವುದು ಬೆಲ್ಟೋ ಚೈನೋ ನೋಡಿಕೊಳ್ಳಿ. ಮಾರುತಿಯ ಕೆ-ಸೀರೀಸ್ ಪೆಟ್ರೋಲ್ ಎಂಜಿನ್‌ಗಳಲ್ಲಿ ಚೈನ್. 2012ರಲ್ಲಿ ಬಂದ ರೆನೋ ಡಸ್ಟರ್‌ನ 1.5 ಲೀಟರ್ ಡೀಸೆಲ್‌ನಲ್ಲಿ, ಪೋಲೊದ 1.5 ಟಿಡಿಐಯಲ್ಲಿ ಬೆಲ್ಟ್. ಎಷ್ಟು ಕಿಲೋಮೀಟರಿಗೆ, ಎಷ್ಟು ವರ್ಷಕ್ಕೆ ಬದಲಿಸಬೇಕೆಂದು ಮ್ಯಾನ್ಯುಯಲ್‌ನಲ್ಲಿರುತ್ತದೆ. ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ವಾರಕ್ಕೊಮ್ಮೆ ಕಾರು ತೆಗೆಯುವವರು ವರ್ಷಗಳ ಲೆಕ್ಕವನ್ನೇ ಮರೆಯುವುದು. ನಿಂತ ಕಾರಿನಲ್ಲೂ ರಬ್ಬರ್ ಹಳತಾಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರಿಗೆ ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಯೇ ಇಲ್ಲ ಎಂದುಕೊಳ್ಳಿ. ಡೀಸೆಲ್ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ವಾಲ್ವ್‌ಗೆ ಬಡಿದು, ಕೆಲಸ ಹೆಡ್ ಬಿಚ್ಚುವವರೆಗೆ ಹೋಗುತ್ತದೆ.

ಟೆನ್ಷನರ್, ಐಡ್ಲರ್ ವಿಷಯದಲ್ಲಿ ಚೌಕಾಸಿ ಬೇಡ. ಇವುಗಳ ಬೇರಿಂಗ್‌ಗೆ ಮತ್ತೆ ಗ್ರೀಸ್ ತುಂಬುವಂತಿಲ್ಲ. ‘ಕೈಯಲ್ಲಿ ತಿರುಗಿಸಿದರೆ ಸ್ಮೂತಾಗಿದೆ ಸಾರ್’ ಎಂಬ ಮಾತಿಗೆ ಅರ್ಥವಿಲ್ಲ. ಕೈಯಲ್ಲಿ ತಿರುಗಿಸುವಾಗ ಅದರ ಮೇಲೆ ಲೋಡ್ ಎಲ್ಲಿದೆ? ಬೇರಿಂಗ್ ಹಿಡಿದುಕೊಂಡರೆ ಹೊಸ ಬೆಲ್ಟೂ ಹಾಳು. ಬೆಲ್ಟ್ ಜತೆ ಇವೂ ಇರುವ ಕಿಟ್ ಸಿಗುತ್ತದೆ, ಅದನ್ನೇ ಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಳ್ಳುವವರು ಚಾಸಿಸ್ ನಂಬರ್ ಹೇಳಿ ಪಾರ್ಟ್ ನಂಬರ್ ತಾಳೆ ನೋಡಿ. ಡಬ್ಬಿಯಿಲ್ಲದ ಬಿಡಿ ಬೆಲ್ಟ್ ಎಷ್ಟೇ ಅಗ್ಗವಿರಲಿ, ಬೇಡ.

ವಾಟರ್ ಪಂಪನ್ನು ತಿರುಗಿಸುವುದು ಯಾವ ಬೆಲ್ಟ್ ಎಂದು ಕೇಳಿ. ಡಸ್ಟರ್ ಡೀಸೆಲ್‌ನಂತೆ ಟೈಮಿಂಗ್ ಬೆಲ್ಟೇ ತಿರುಗಿಸುತ್ತಿದ್ದರೆ, ಸೋರದಿದ್ದರೂ ಬದಲಿಸಿ. ಹೊರಗಿನ ಫ್ಯಾನ್ ಬೆಲ್ಟ್ ತಿರುಗಿಸುತ್ತಿದ್ದು, ಪಂಪ್ ಹೊರಗಿನಿಂದಲೇ ಕೈಗೆ ಸಿಗುವಂತಿದ್ದರೆ ಬಿಟ್ಟುಬಿಡಬಹುದು. ಆದರೂ ಪಂಪಿನ ಕೆಳಗಿನ ಸಣ್ಣ ರಂಧ್ರದ ಬಳಿ ಕೂಲೆಂಟ್ ಒಣಗಿದ ಕಲೆ ಇದೆಯೇ ನೋಡಿ; ಇದ್ದರೆ ಅದರ ಆಯಸ್ಸು ಮುಗಿಯುತ್ತಾ ಬಂದಿದೆ. ಪಂಪ್ ಹಾಕಿದರೆ ಗ್ಯಾಸ್ಕೆಟ್, ಕೂಲೆಂಟ್ ಎರಡೂ ಹೊಸದೇ ಬೇಕು. ಕೂಲೆಂಟ್‌ನ ಬಣ್ಣ ನೋಡಿ ಆರಿಸಬೇಡಿ. ಮ್ಯಾನ್ಯುಯಲ್ ಹೇಳಿದ ಬಗೆಯನ್ನೇ ಹಾಕಿಸಿ.

ಆಯಿಲ್ ಸೀಲ್‌ಗಳನ್ನು ಎಸ್ಟಿಮೇಟ್ ನೋಡಿ ತೀರ್ಮಾನಿಸಲಾಗದು, ಬೆಲ್ಟ್ ಬಿಚ್ಚಿದ ಮೇಲೆ ಕಣ್ಣಾರೆ ನೋಡಬೇಕು. ಕ್ಯಾಮ್ ಅಥವಾ ಕ್ರ್ಯಾಂಕ್ ಸೀಲ್ ಸುತ್ತ ಎಣ್ಣೆ ಜಿನುಗಿದ್ದರೆ ಬದಲಿಸಲೇಬೇಕು, ಎಣ್ಣೆ ತಾಗಿದ ಬೆಲ್ಟ್ ಬಾಳುವುದಿಲ್ಲ. ಒಣಗಿದ್ದರೆ? ಹತ್ತಾರು ವರ್ಷ ಹಳೆಯ ಕಾರಾದರೆ ಹಾಕಿಸಿ. ಹೊಸದಾದರೆ ನಾನಂತೂ ಮುಟ್ಟಿಸುವುದಿಲ್ಲ. ಸೀಲ್ ಕೀಳುವಾಗ ಶಾಫ್ಟಿಗೆ ಗೀರು ಬಿದ್ದರೆ ಇಲ್ಲದ ಸೋರಿಕೆ ಶುರುವಾಗುತ್ತದೆ. ಗ್ಯಾರೇಜಿನಲ್ಲಿ ಕೂರಲು ಪುರುಸೊತ್ತಿಲ್ಲದವರು ವಾಟ್ಸ್ಆ್ಯಪ್‌ನಲ್ಲಿ ಫೋಟೋ ತರಿಸಿಕೊಳ್ಳಿ.

ಫ್ಯಾನ್ ಬೆಲ್ಟ್‌ಗೆ ಮೇಲಿನ ಪ್ರಶ್ನೆ ಹೊಂದುವುದಿಲ್ಲ. ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು, ನಿಜ. ಆದರೆ ಕೆಲವು ಎಂಜಿನ್‌ಗಳಲ್ಲಿ ಹರಿದ ಫ್ಯಾನ್ ಬೆಲ್ಟಿನ ಎಳೆ ಕ್ರ್ಯಾಂಕ್ ಪುಲ್ಲಿಯ ಹಿಂದಿನಿಂದ ಟೈಮಿಂಗ್ ಕವರ್ ಒಳಗೆ ನುಗ್ಗಿ ಅನಾಹುತ ಮಾಡುವುದುಂಟು. ಬಿರುಕು ಕಂಡರೆ ಹೊಸದು ಹಾಕಿಸಿ. ಕ್ರ್ಯಾಂಕ್ ಪುಲ್ಲಿ ಬೋಲ್ಟ್ ಒಂದೇ ಸಲ ಬಳಸುವಂಥದ್ದೆಂದು ಕಂಪನಿ ಹೇಳಿದ್ದರೆ ಅದೂ ಹೊಸದಿರಲಿ. ತೊಂದರೆ ಕೊಡದ ಥರ್ಮೋಸ್ಟಾಟ್, ಹಲ್ಲು ಸವೆಯದ ಪುಲ್ಲಿ, ಇಂಜೆಕ್ಟರ್ ಕ್ಲೀನಿಂಗ್ ಇತ್ಯಾದಿ ಬೇಡ.

ಎಲ್ಲ ಜೋಡಿಸಿದ ಮೇಲೆ, ಸ್ಟಾರ್ಟ್ ಮಾಡುವ ಮುನ್ನ, ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ ಟೈಮಿಂಗ್ ಮಾರ್ಕ್‌ಗಳು ಕೂಡುತ್ತವೆಯೇ ನೋಡಬೇಕು. ಇದನ್ನು ಮಾಡುತ್ತೀರಾ ಎಂದು ಮೆಕ್ಯಾನಿಕ್‌ನನ್ನು ಮೊದಲೇ ಕೇಳಿ. ಹಳೆಯ ಭಾಗಗಳನ್ನು ತರಿಸಿ ನೋಡಿ. ಬಿಲ್ಲಿನಲ್ಲಿ ಪಾರ್ಟ್ ನಂಬರ್, ದಿನಾಂಕ, ಕಿಲೋಮೀಟರ್ ಮೂರೂ ಬರೆಸಿಕೊಳ್ಳಿ.