ಲೆಕ್ಕಕ್ಕೆ ಬಾರದ ನಷ್ಟ: ಕಾರ್ಖಾನೆಗಳಲ್ಲಿ ನಡೆದ ಅಧ್ಯಯನಗಳ ಪಾಠ

ವಿಶ್ವವಿದ್ಯಾಲಯದ ಸಂಶೋಧನೆಯೆಂದರೆ ಗ್ರಂಥಾಲಯದ ಕಪಾಟು ಸೇರುವ ಪ್ರಬಂಧ ಎಂಬ ಭಾವನೆ ವ್ಯಾಪಾರಸ್ಥರಲ್ಲಿಯೂ ಸಣ್ಣ ಉದ್ಯಮಿಗಳಲ್ಲಿಯೂ ಇಂದಿಗೂ ಉಳಿದಿದೆ. ಆದರೆ 2008ರಿಂದೀಚೆಗೆ ಅರ್ಥಶಾಸ್ತ್ರ, ವ್ಯವಹಾರ ನಿರ್ವಹಣೆ ಹಾಗೂ ಪರಿಸರ ವಿಷಯಗಳ ವಿದ್ವಾಂಸರು ಭಾರತದ ಕಾರ್ಖಾನೆಗಳ ಒಳಗೇ ಬಂದು, ಮಗ್ಗ, ಹೊಲಿಗೆ ಯಂತ್ರ ಮತ್ತು ಬಾಯ್ಲರ್ ಚಿಮಣಿಗಳ ಬಳಿ ತಿಂಗಳುಗಟ್ಟಲೆ ಅಳತೆ ಮಾಡಿದ್ದಾರೆ. ಈ ಅಧ್ಯಯನಗಳ ಫಲಿತಾಂಶಗಳು ಉದ್ಯಮಿಗಳ ಲಾಭ-ನಷ್ಟಕ್ಕೆ ನೇರವಾಗಿ ಸಂಬಂಧಿಸಿದವು. ಅವುಗಳಲ್ಲಿ ಕೆಲವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮಗ್ಗದ ಕಾರ್ಖಾನೆಗಳ ದಿನಚರಿ

ಮುಂಬಯಿಗೆ ಸಮೀಪದ ತಾರಾಪುರ ಮತ್ತು ಉಂಬರಗಾಂವ್‌ಗಳ ಹತ್ತಿಬಟ್ಟೆ ನೇಯ್ಗೆ ಕಾರ್ಖಾನೆಗಳಲ್ಲಿ 2008ರಲ್ಲಿ ಆರಂಭವಾದ ಪ್ರಯೋಗವು ಇವುಗಳಲ್ಲಿ ಮೊದಲು ಉಲ್ಲೇಖಿಸಬೇಕಾದುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಇದನ್ನು ನಡೆಸಿದರು. ಪ್ರಯೋಗಕ್ಕೆ ಆಯ್ದ ಘಟಕಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಎರಡೂ ಗುಂಪುಗಳಲ್ಲಿ ಒಂದು ತಿಂಗಳ ಕಾಲ ಸಲಹೆಗಾರರು ಲೋಪದೋಷಗಳನ್ನು ಗುರುತಿಸಿ ವರದಿ ಕೊಟ್ಟರು. ಮೊದಲನೆಯ ಗುಂಪಿನಲ್ಲಿ ಮಾತ್ರ ಮುಂದಿನ ನಾಲ್ಕು ತಿಂಗಳು ನಿಂತು, ಹೊಸ ಪದ್ಧತಿಗಳನ್ನು ಜಾರಿಗೆ ತರಲು ನೆರವಾದರು.

ಈ ಪದ್ಧತಿಗಳಲ್ಲಿ ಅಪೂರ್ವವಾದುದು ಏನೂ ಇರಲಿಲ್ಲ. ಮಗ್ಗ ಎಷ್ಟು ಹೊತ್ತು, ಯಾವ ಕಾರಣಕ್ಕೆ ನಿಂತಿತೆಂದು ದಾಖಲಿಸುವುದು. ಬಟ್ಟೆಯ ದೋಷಗಳನ್ನು ಬಗೆಬಗೆಯಾಗಿ ವಿಂಗಡಿಸಿ ಪ್ರತಿದಿನ ಬರೆಯುವುದು. ನೂಲಿನ ದಾಸ್ತಾನಿಗೆ ಚೀಟಿ ಅಂಟಿಸಿ ಕ್ರಮವಾಗಿ ಜೋಡಿಸುವುದು. ಮೇಲ್ವಿಚಾರಕರು ಕೂಡಿ ಆ ದಾಖಲೆಗಳನ್ನು ಚರ್ಚಿಸುವುದು - ಹೀಗೆ ಒಟ್ಟು 38 ಪದ್ಧತಿಗಳಿದ್ದವು. ಮೊದಲ ವರ್ಷದಲ್ಲಿಯೇ ಉತ್ಪಾದಕತೆ ಶೇ. 17ರಷ್ಟು ಏರಿತು. ದೋಷಗಳು ಕಡಿಮೆಯಾದವು, ದಾಸ್ತಾನು ಇಳಿಯಿತು. ಮೂರು ವರ್ಷಗಳೊಳಗೆ ಈ ಸಂಸ್ಥೆಗಳು ಹೊಸ ಘಟಕಗಳನ್ನು ತೆರೆಯಲು ಆರಂಭಿಸಿದವು.

ಕೊನೆಯ ಅಂಶವು ಕುಟುಂಬದ ಒಡೆತನದ ಉದ್ಯಮಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಅಲ್ಲಿನ ಸಂಸ್ಥೆಗಳ ಗಾತ್ರವು ಮಾರುಕಟ್ಟೆಯ ಬೇಡಿಕೆಗಿಂತ ಹೆಚ್ಚಾಗಿ ಮಾಲೀಕರ ಮನೆಯಲ್ಲಿ ಎಷ್ಟು ಮಂದಿ ಗಂಡುಮಕ್ಕಳಿದ್ದಾರೆ ಎಂಬುದನ್ನು ಅವಲಂಬಿಸಿತ್ತು. ಹೊರಗಿನವರನ್ನು ನಂಬಿ ಘಟಕವನ್ನು ಒಪ್ಪಿಸಲು ಮಾಲೀಕರು ಹಿಂಜರಿಯುತ್ತಿದ್ದರು. ದಾಖಲೆ ಸರಿಯಾಗಿದ್ದಾಗ ಎದುರಿಗೆ ಕುಳಿತು ಕಾಯುವ ಅಗತ್ಯ ತಗ್ಗುತ್ತದೆ. ಜವಾಬ್ದಾರಿಯನ್ನು ಇತರರಿಗೆ ಹಂಚಲು ಸಾಧ್ಯವಾಗುತ್ತದೆ.

ಇಷ್ಟು ಲಾಭದಾಯಕವಾದ ಪದ್ಧತಿಗಳನ್ನು ಮೊದಲೇ ಏಕೆ ಅಳವಡಿಸಿಕೊಂಡಿರಲಿಲ್ಲ? ಮುಖ್ಯವಾಗಿ ತಿಳಿವಳಿಕೆಯ ಕೊರತೆ ಎಂಬುದು ಸಂಶೋಧಕರ ನಿರ್ಣಯ. ಕೆಲವು ಪದ್ಧತಿಗಳ ವಿಚಾರ ಮಾಲೀಕರಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದವುಗಳಿಂದಲೂ ಅಂಥ ಲಾಭವೇನೂ ಆಗದೆಂದು ಅವರು ಭಾವಿಸಿದ್ದರು. ನಷ್ಟವನ್ನು ಅಳೆಯದೆ ಇದ್ದುದರಿಂದ ಅದು ನಷ್ಟವೆಂದು ತೋರಿಯೇ ಇರಲಿಲ್ಲ.

ಸೆಕೆಯೂ ಒಂದು ಖರ್ಚು

ಎರಡನೆಯ ಅಧ್ಯಯನ ಬೆಂಗಳೂರಿನ ಸುತ್ತಮುತ್ತಲಿನ ಸಿದ್ಧ ಉಡುಪು ಕಾರ್ಖಾನೆಗಳದು. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ ಮತ್ತು ಅನಂತ್ ನ್ಯಾಷಧಂ ಎಂಬ ಅರ್ಥಶಾಸ್ತ್ರಜ್ಞರು ಇದನ್ನು 2020ರಲ್ಲಿ ಪ್ರಕಟಿಸಿದರು. ಈ ಕಾರ್ಖಾನೆಗಳಲ್ಲಿ ಟ್ಯೂಬ್‌ಲೈಟುಗಳನ್ನು ತೆಗೆದು ಎಲ್‌ಇಡಿ ದೀಪಗಳನ್ನು ಹಾಕಲಾಗಿತ್ತು. ವಿದ್ಯುತ್ ಬಿಲ್ಲಿನ ಉಳಿತಾಯವೇ ಇದರ ಉದ್ದೇಶವಾಗಿತ್ತು. ಸಂಶೋಧಕರು ಪ್ರತಿಯೊಂದು ಹೊಲಿಗೆ ಸಾಲಿನ ದೈನಂದಿನ ಉತ್ಪಾದನೆಯನ್ನು ಹವಾಮಾನದ ಅಂಕಿ-ಅಂಶಗಳೊಡನೆ ಹೋಲಿಸಿ ನೋಡಿದಾಗ ಬೇರೊಂದು ಸಂಗತಿ ಕಂಡುಬಂದಿತು. ಸೆಕೆ ಏರಿದ ದಿನಗಳಲ್ಲಿ ಉತ್ಪಾದನೆ ಕುಸಿಯುತ್ತಿತ್ತು. ಕಡಿಮೆ ಶಾಖ ಸೂಸುವ ಎಲ್‌ಇಡಿ ದೀಪಗಳಿದ್ದ ಕಡೆ ಬಿಸಿಯ ದಿನಗಳಲ್ಲಿ ಉತ್ಪಾದಕತೆ ಉತ್ತಮಗೊಂಡಿತ್ತು. ಹೀಗೆ ದೊರೆತ ಲಾಭವು ವಿದ್ಯುತ್ ಉಳಿತಾಯದ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಇದನ್ನು ಲೆಕ್ಕಕ್ಕೆ ಹಿಡಿದಾಗ, ದೀಪಗಳಿಗೆ ಹಾಕಿದ ಬಂಡವಾಳ ಮರಳಿ ಬರುವ ಅವಧಿ ಮೂರನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿಯಿತು.

ಇದೇ ವಿಷಯವನ್ನು ದೇಶದ ಮಟ್ಟದಲ್ಲಿ ಪರಿಶೀಲಿಸಿದ ಮತ್ತೊಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ದೆಹಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಇ. ಸೋಮನಾಥನ್ ಮತ್ತಿತರರು ನಡೆಸಿದ ಈ ಅಧ್ಯಯನದ ಪ್ರಕಾರ, ವಾರ್ಷಿಕ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಕಾರ್ಖಾನೆಯ ಉತ್ಪನ್ನ ಸುಮಾರು ಶೇ. 2ರಷ್ಟು ಇಳಿಯುತ್ತದೆ. ಬಿಸಿಲಿನ ದಿನಗಳಲ್ಲಿ ಕೆಲಸದ ವೇಗ ತಗ್ಗುವುದಲ್ಲದೆ ಗೈರುಹಾಜರಿಯೂ ಹೆಚ್ಚುತ್ತದೆ. ತಗಡಿನ ಮಾಡಿನ ಕೆಳಗೆ ಏಪ್ರಿಲ್-ಮೇ ತಿಂಗಳುಗಳನ್ನು ಕಳೆಯುವ ರಾಯಚೂರು, ಬಳ್ಳಾರಿ, ಕಲಬುರಗಿಗಳ ಘಟಕಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಳಿಯಾಡುವ ಕಿಂಡಿ, ಮಾಡಿನ ಮೇಲೆ ಸುಣ್ಣದ ಬಳಿತ, ಕುಡಿಯುವ ನೀರು ಇವು ಕಾರ್ಮಿಕರ ಆರೋಗ್ಯವನ್ನು ಕಾಯುವ ಕ್ರಮಗಳು. ಉತ್ಪಾದನೆಯ ದೃಷ್ಟಿಯಿಂದಲೂ ಇವು ದಂಡದ ಖರ್ಚಲ್ಲ.

ತರಬೇತಿಯ ಫಲ ಯಾರಿಗೆ?

ಇದೇ ಮೂವರು ವಿದ್ವಾಂಸರು ಬೆಂಗಳೂರಿನ ಉಡುಪು ಕಾರ್ಖಾನೆಗಳ ಮಹಿಳಾ ಕಾರ್ಮಿಕರಿಗೆ ನೀಡಿದ ತರಬೇತಿಯ ಪರಿಣಾಮವನ್ನೂ ಅಳೆದಿದ್ದಾರೆ. ಮಾತುಕತೆಯ ಕೌಶಲ, ಸಮಯಪಾಲನೆ, ಹಣಕಾಸಿನ ತಿಳಿವಳಿಕೆ, ಸಮಸ್ಯೆಯನ್ನು ಬಿಡಿಸುವ ರೀತಿ ಮುಂತಾದವು ಈ ತರಬೇತಿಯ ವಿಷಯಗಳು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತರಬೇತಿಯ ಅಂತ್ಯಕ್ಕೆ ಈ ಮಹಿಳೆಯರ ಉತ್ಪಾದಕತೆ ತರಬೇತಿ ಪಡೆಯದವರಿಗಿಂತ ಶೇ. 13.5ರಷ್ಟು ಹೆಚ್ಚಿತ್ತು. ತರಬೇತಿ ಪಡೆದವರು ಕೆಲಸ ಬಿಟ್ಟು ಹೋಗುತ್ತಾರೆಂಬ ಮಾಲೀಕರ ಸಾಮಾನ್ಯ ಆತಂಕ ನಿಜವಾಗಲಿಲ್ಲ. ಸಂಸ್ಥೆಗೆ ಹಾಕಿದ ಹಣದ ಮೇಲೆ ಶೇ. 250ಕ್ಕೂ ಮೀರಿದ ನಿವ್ವಳ ಪ್ರತಿಫಲ ದೊರೆಯಿತು.

ಆದರೆ ಕಾರ್ಮಿಕರ ವೇತನ ಏರಿದ್ದು ಶೇ. 0.5ರಷ್ಟು ಮಾತ್ರ. ಲಾಭದ ಬಹುಪಾಲು ಸಂಸ್ಥೆಯಲ್ಲಿಯೇ ಉಳಿಯಿತು. ಉದ್ಯಮಿಗಳು ಈ ಅಂಕಿಯನ್ನು ಮರೆಮಾಚದೆ ನೋಡಬೇಕು. ಅನುಭವಿ ಕೆಲಸಗಾರರು ಸಿಗುತ್ತಿಲ್ಲವೆಂಬ ದೂರು ಎಲ್ಲೆಡೆ ಕೇಳಿಬರುತ್ತಿರುವಾಗ, ಹೆಚ್ಚಿದ ದುಡಿಮೆಯ ಸ್ವಲ್ಪ ಭಾಗವಾದರೂ ಕೂಲಿಯ ರೂಪದಲ್ಲಿ ಮರಳಬೇಕಲ್ಲವೇ ಎಂಬ ಪ್ರಶ್ನೆ ನ್ಯಾಯದ್ದೂ ಹೌದು, ವ್ಯವಹಾರದ್ದೂ ಹೌದು.

ಅಳತೆ ಮಾತ್ರ ಸಾಲದು

ನಾಲ್ಕನೆಯ ಉದಾಹರಣೆ ಸೂರತ್ತಿನದು. ಅಲ್ಲಿ 2019ರಲ್ಲಿ ಗುಜರಾತ್ ಮಾಲಿನ್ಯ ನಿಯಂತ್ರಣ ಮಂಡಳಿಯು ಚಿಮಣಿಗಳಿಂದ ಹೊರಬೀಳುವ ಧೂಳಿನ ಕಣಗಳಿಗೆ ಒಂದು ಮಾರುಕಟ್ಟೆಯನ್ನೇ ಏರ್ಪಡಿಸಿತು. ಪ್ರಯೋಗಕ್ಕೆ 317 ಘಟಕಗಳು ಒಳಪಟ್ಟವು. ಕಲ್ಲಿದ್ದಲು, ಲಿಗ್ನೈಟ್ ಉರಿಸುವ ಜವಳಿ ಘಟಕಗಳೇ ಇವುಗಳಲ್ಲಿ ಹೆಚ್ಚು. ಒಟ್ಟು ಮಾಲಿನ್ಯಕ್ಕೆ ಮಿತಿಯನ್ನು ನಿಗದಿಗೊಳಿಸಿ, ಅದನ್ನು ಪರವಾನಗಿಗಳಾಗಿ ಹಂಚಲಾಯಿತು. ಕಡಿಮೆ ಧೂಳು ಬಿಡುವ ಘಟಕವು ತನ್ನಲ್ಲಿ ಉಳಿದ ಪರವಾನಗಿಯನ್ನು ಮಾರಬಹುದು. ಹೆಚ್ಚು ಬಿಡುವ ಘಟಕವು ಕೊಳ್ಳಬೇಕು. 2025ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಈ ಮಾರುಕಟ್ಟೆಗೆ ಸೇರಿದ ಘಟಕಗಳ ಮಾಲಿನ್ಯವು ಸೇರದ ಘಟಕಗಳಿಗಿಂತ ಶೇ. 20ರಿಂದ 30ರಷ್ಟು ಕಡಿಮೆಯಾಯಿತು. ಅಷ್ಟೇ ಪ್ರಮಾಣದ ಮಾಲಿನ್ಯಕ್ಕೆ ಹೋಲಿಸಿದರೆ, ಅದನ್ನು ನಿಯಂತ್ರಿಸುವ ವೆಚ್ಚವೂ ಶೇ. 11ರಷ್ಟಾದರೂ ತಗ್ಗಿತು.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ನಿರಂತರವಾಗಿ ಧೂಳನ್ನು ಅಳೆಯುವ ಯಂತ್ರಗಳು ಎರಡೂ ಗುಂಪಿನ ಘಟಕಗಳಲ್ಲಿದ್ದವು. ವ್ಯತ್ಯಾಸ ಬಂದದ್ದು ಯಂತ್ರದಿಂದಲ್ಲ. ಯಂತ್ರ ತೋರಿಸಿದ ಅಂಕಿಗೆ ಹಣದ ಲೆಕ್ಕ ಸೇರಿದ್ದರಿಂದ. ನೇಯ್ಗೆ ಕಾರ್ಖಾನೆಗಳ ಮುಂದಿನ ಕಥೆಯೂ ಇದನ್ನೇ ಹೇಳುತ್ತದೆ. ಒಂಬತ್ತು ವರ್ಷಗಳ ಬಳಿಕ ಸಂಶೋಧಕರು ಅಲ್ಲಿಗೆ ಮರಳಿದಾಗ, ಅಳವಡಿಸಿಕೊಂಡಿದ್ದ ಪದ್ಧತಿಗಳಲ್ಲಿ ಅರ್ಧದಷ್ಟು ಕೈಬಿಟ್ಟುಹೋಗಿದ್ದವು. ವ್ಯವಸ್ಥಾಪಕರು ಬದಲಾದದ್ದು ಮತ್ತು ಮಾಲೀಕರಿಗೆ ಬಿಡುವಿಲ್ಲದಿದ್ದುದು ಇದಕ್ಕೆ ಮುಖ್ಯ ಕಾರಣಗಳು. ಉಳಿದ ಅರ್ಧವೇ ಆ ಘಟಕಗಳನ್ನು ಇತರರಿಗಿಂತ ಮುಂದಿರಿಸಿತ್ತು. ಬರೆದಿಟ್ಟ ಪುಸ್ತಕವನ್ನು ನೋಡುವವರಿಲ್ಲದಿದ್ದರೆ ಬರೆಯುವವರೂ ಕ್ರಮೇಣ ನಿಲ್ಲಿಸುತ್ತಾರೆ.

ಸಣ್ಣ ಘಟಕಗಳಲ್ಲಿ ಪ್ರಯೋಗ

ನೇಯ್ಗೆಯ ಪ್ರಯೋಗಕ್ಕೆ ಒಳಪಟ್ಟ ಸಂಸ್ಥೆಗಳಲ್ಲಿ ಸರಾಸರಿ ಸುಮಾರು 270 ಮಂದಿ ದುಡಿಯುತ್ತಿದ್ದರು. ಹತ್ತು-ಹದಿನೈದು ಆಳುಗಳ ಘಟಕಕ್ಕೆ 38 ಪದ್ಧತಿಗಳು ಬೇಕಿಲ್ಲ. ಅದೇ ಶೇಕಡಾವಾರು ಲಾಭವನ್ನು ನಿರೀಕ್ಷಿಸುವುದೂ ಸರಿಯಲ್ಲ. ಆದರೆ ಸಂಶೋಧನೆಯ ಕ್ರಮವನ್ನು ಯಾರಾದರೂ ಅನುಸರಿಸಬಹುದು. ಇದಕ್ಕೆ ಮೂರು ಹಂತಗಳು ಸಾಕು.

ಮೊದಲನೆಯದಾಗಿ, ಒಂದೇ ಒಂದು ನಷ್ಟವನ್ನು ಆರಿಸಿಕೊಳ್ಳಬೇಕು. ಬೆಳಗಾವಿಯ ಎರಕದ ಘಟಕಕ್ಕೆ ಅದು ತಿರಸ್ಕೃತವಾದ ಎರಕಗಳ ಸಂಖ್ಯೆಯಾಗಬಹುದು. ಪೀಣ್ಯದ ಲೇತ್ ಘಟಕಕ್ಕೆ ಯಂತ್ರ ನಿಂತ ಸಮಯ. ಸಗಟು ವ್ಯಾಪಾರಿಗೆ ಮೂರು ತಿಂಗಳಿಂದ ಗೋದಾಮಿನಲ್ಲಿ ಅಲುಗಾಡದೆ ಬಿದ್ದ ಸರಕು. ವಾರ್ಷಿಕ ಶೇ. 12ರ ಬಡ್ಡಿಯ ಸಾಲದಲ್ಲಿ ತಂದ 10 ಲಕ್ಷ ರೂಪಾಯಿಯ ಸರಕು ಹಾಗೆ ಬಿದ್ದಿದ್ದರೆ, ತಿಂಗಳಿಗೆ 10,000 ರೂಪಾಯಿ ಬಡ್ಡಿ ಮೌನವಾಗಿ ಹೋಗುತ್ತಿರುತ್ತದೆ.

ಎರಡನೆಯದಾಗಿ, ಏನನ್ನೂ ಬದಲಾಯಿಸದೆ ಒಂದು ತಿಂಗಳು ಆ ನಷ್ಟವನ್ನು ಬರೆದಿಡಬೇಕು. ಅನಂತರ ಒಂದು ಯಂತ್ರದಲ್ಲಿ ಅಥವಾ ಒಂದು ಪಾಳಿಯಲ್ಲಿ ಮಾತ್ರ ಬದಲಾವಣೆ ತಂದು, ಇನ್ನೊಂದನ್ನು ಹಾಗೆಯೇ ಬಿಡಬೇಕು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ, ಫಲ ಬಂದದ್ದು ಬದಲಾವಣೆಯಿಂದಲೋ ಹಬ್ಬದ ಬೇಡಿಕೆಯಿಂದಲೋ ತಿಳಿಯದು.

ಮೂರನೆಯದಾಗಿ, ಪ್ರತಿದಿನ ನಿಗದಿತ ವೇಳೆಗೆ ಹತ್ತು ನಿಮಿಷ ಆ ಪುಸ್ತಕವನ್ನು ಮಾಲೀಕರು ಅಥವಾ ಅವರು ನೇಮಿಸಿದವರು ಕೆಲಸಗಾರರ ಎದುರಿನಲ್ಲಿಯೇ ನೋಡಬೇಕು. ಪ್ರತಿ ಅಂಕಿಯ ಪಕ್ಕದಲ್ಲಿ ಅದರ ರೂಪಾಯಿ ಮೌಲ್ಯವನ್ನು ಬರೆಯಬೇಕು. ದಂಡ ವಿಧಿಸಲು ಈ ಪುಸ್ತಕವನ್ನು ಬಳಸಿದರೆ ಮರುದಿನದಿಂದ ಸುಳ್ಳು ಅಂಕಿಗಳು ಬರುತ್ತವೆ ಎಂಬುದನ್ನು ಮರೆಯಬಾರದು.

ಇಂಥ ಪ್ರಯತ್ನಕ್ಕೆ ಸಲಹಾ ಸಂಸ್ಥೆಯ ಶುಲ್ಕ ಭರಿಸುವ ಶಕ್ತಿ ಇಲ್ಲದವರು ಸಮೀಪದ ಇಂಜಿನಿಯರಿಂಗ್ ಹಾಗೂ ನಿರ್ವಹಣಾ ಕಾಲೇಜುಗಳನ್ನು ಸಂಪರ್ಕಿಸಬಹುದು. ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್‌ಗೆ ವಿಷಯ ಬೇಕಾಗಿರುತ್ತದೆ. ಘಟಕಕ್ಕೆ ಅಳೆದು ಬರೆಯುವ ಕೈಗಳು ಬೇಕಾಗಿರುತ್ತವೆ. ಕಾಲೇಜಿಗೆ ಪತ್ರ ಬರೆಯುವ ಮೊದಲು ಯಾವ ನಷ್ಟವನ್ನು ಅಳೆಯಬೇಕೆಂಬುದನ್ನು ಮಾಲೀಕರು ಒಂದು ವಾಕ್ಯದಲ್ಲಿ ನಿರ್ಧರಿಸಿಕೊಂಡರೆ ಕೆಲಸ ಸುಗಮವಾಗುತ್ತದೆ.