ದೀಪ ಆರಿಸಬೇಡ, ದೋಷ ತೆಗೆ

ಅಳಿಯಾ,

ಮುಂಬಯಿ ಅಂಧೇರಿಯ ಎಂಎಚ್-02 ನಂಬರಿನ ಸೆಕೆಂಡ್ ಹ್ಯಾಂಡ್ ಕಾರು ಕೊಂಡೆಯಂತೆ, ಸಂತೋಷ. ಜೊತೆಗೇ ಒಂದು ಪ್ರಶ್ನೆಯನ್ನೂ ಕಳಿಸಿದ್ದೀಯ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಇಂಜಿನ್ ದೀಪ ಉರಿಯುತ್ತಿದೆ, ಪಿಯುಸಿ ಎಂಬ ಹೊಗೆ ತಪಾಸಣೆಯ ಚೀಟಿಯ ಅವಧಿ ಮುಗಿಯುತ್ತಾ ಬಂದಿದೆ, ಬ್ಯಾಟರಿಯ ವೈರ್ ಕಳಚಿ ಮತ್ತೆ ಸಿಕ್ಕಿಸಿದರೆ ದೀಪ ಆರುತ್ತದಂತೆ, ಹಾಗೆ ಮಾಡಿ ಹೊಗೆ ತಪಾಸಣೆಗೆ ಹೋಗಲೇ ಎಂದು. ದೀಪವೇನೋ ಆರುತ್ತದೆ. ಆದರೂ ಮಾಡಬೇಡ. ನಾಯಿ ಬೊಗಳಿತೆಂದು ಅದರ ಬಾಯಿ ಕಟ್ಟಿದರೆ ಅಂಗಳಕ್ಕೆ ಬಂದ ಕಳ್ಳ ತಿರುಗಿ ಹೋಗುವುದಿಲ್ಲ.

ನಮ್ಮ ಕಾಲದ ಕಾಳೀ-ಪೀಲಿ ಪದ್ಮಿನಿ ಟ್ಯಾಕ್ಸಿಗಳಿಗೆ ಈ ದೀಪವೇ ಇರಲಿಲ್ಲ. ಮಿಸ್ತ್ರಿ ಕಾರ್ಬ್ಯುರೇಟರಿನ ಸ್ಕ್ರೂ ಅರ್ಧ ಸುತ್ತು ತಿರುಗಿಸುತ್ತಿದ್ದ, ಇಂಜಿನ್ ಸದ್ದಿಗೆ ಕಿವಿಗೊಡುತ್ತಿದ್ದ, ಹೊಗೆಯ ಬಣ್ಣ ನೋಡಿ ‘ಹೋ ಗಯಾ’ ಅನ್ನುತ್ತಿದ್ದ. ಆ ಹೊಗೆ ಕುಡಿದು ಬೇಸತ್ತವರು 1999ರಲ್ಲಿ ‘ಸ್ಮೋಕ್ ಅಫೆಕ್ಟೆಡ್ ರೆಸಿಡೆಂಟ್ಸ್ ಫೋರಂ’ ಹೆಸರಿನಲ್ಲಿ ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ನಗರದ ಹಳೆಯ ಟ್ಯಾಕ್ಸಿಗಳು ಸಿಎನ್‌ಜಿಗೆ ಹೊರಳಿದ್ದು ಆ ಮೊಕದ್ದಮೆಯ ನಂತರ. ಪದ್ಮಿನಿ ಟ್ಯಾಕ್ಸಿಯ ಕಾಲ 2023ರ ಅಕ್ಟೋಬರಿಗೆ ಮುಗಿಯಿತು. ಹೊಗೆಯ ಮಿತಿ ಗೊತ್ತುಮಾಡುವ ಭಾರತ್ ಸ್ಟೇಜ್ (ಬಿಎಸ್) ನಿಯಮಗಳಲ್ಲಿ ಬಿಎಸ್-2ಕ್ಕೂ ಹಿಂದಿನ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 3ರವರೆಗೆ ಇದ್ದರೂ ಪಾಸ್. ಮುಂಬಯಿಗೆ 2010ರ ಏಪ್ರಿಲ್‌ನಲ್ಲಿ ಬಂದ ಬಿಎಸ್-4 ಕಾರಿಗೆ ಅದು ಶೇ. 0.3 ದಾಟುವಂತಿಲ್ಲ. ಹತ್ತರಲ್ಲಿ ಒಂದು ಪಾಲು! ಇಷ್ಟು ಸೂಕ್ಷ್ಮವನ್ನು ಯಾವ ಮಿಸ್ತ್ರಿಯ ಕಿವಿಯೂ ಹಿಡಿಯಲಾರದು. ಅದಕ್ಕೇ ಕಾರಿನೊಳಗೆ ಒಬಿಡಿ ಎಂಬ ಕಾವಲುಗಾರನನ್ನು ಕೂರಿಸಿದ್ದಾರೆ. ಅದರ ಎರಡನೆಯ ಹಂತ 2013ರ ಏಪ್ರಿಲ್‌ನಿಂದ ಕಡ್ಡಾಯವಾಯಿತು.

ಈ ಕಾವಲುಗಾರ ಮಾಡುವ ಒಂದೊಂದು ಸ್ವಯಂ ತಪಾಸಣೆಗೂ ಮಾನಿಟರ್ ಎಂದು ಹೆಸರು. ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆಯೇ ಎಂಬುದನ್ನು ಅದು ಗಾಡಿ ಓಡುವಷ್ಟು ಹೊತ್ತೂ ನೋಡುತ್ತಿರುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಆಕ್ಸಿಜನ್ ಸೆನ್ಸರಿನ ತಪಾಸಣೆ ಹಾಗಲ್ಲ, ಅದಕ್ಕೆ ತಕ್ಕ ಸಂದರ್ಭ ಕೂಡಿಬರಬೇಕು. ಕನ್ವರ್ಟರಿನ ಮುಂದೊಂದು, ಹಿಂದೊಂದು ಸೆನ್ಸರ್ ಇರುತ್ತದೆ. ಮುಂದಿನದರ ಸಂಕೇತ ಏರಿಳಿಯುತ್ತಲೇ ಇರಬೇಕು, ಹಿಂದಿನದು ಹೆಚ್ಚುಕಡಿಮೆ ಒಂದೇ ಸಮ ಇರಬೇಕು. ಹಿಂದಿನದೂ ಮುಂದಿನದರಂತೆ ಕುಣಿಯತೊಡಗಿದರೆ ಕನ್ವರ್ಟರ್ ಕೆಲಸ ಬಿಟ್ಟಿದೆ ಎಂದು ಕಂಪ್ಯೂಟರ್ ತೀರ್ಮಾನಿಸುತ್ತದೆ, ಪಿ0420 ಎಂಬ ಕೋಡ್ ಬರೆದಿಟ್ಟು ದೀಪ ಹಚ್ಚುತ್ತದೆ.

ಬ್ಯಾಟರಿ ಕಳಚಿದೆಯೋ, ಈ ಬರಹವೆಲ್ಲ ಅಳಿಸಿಹೋಗುತ್ತದೆ. ದೋಷ ಕಂಡ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಇಂಜಿನ್ ಬಿಸಿ ಎಷ್ಟಿತ್ತು ಎಂದು ಕಂಪ್ಯೂಟರ್ ಗುರುತು ಹಾಕಿಕೊಂಡಿರುತ್ತದೆ, ಅದೂ ಹೋಗುತ್ತದೆ. ನಾಳೆ ನಿನ್ನ ಮೆಕ್ಯಾನಿಕ್ ಕತ್ತಲಲ್ಲಿ ತಡಕಾಡಬೇಕು, ತಡಕಾಟದ ಬಿಲ್ ನಿನಗೆ. ಮಾನಿಟರ್‌ಗಳೂ ‘ನಾಟ್ ರೆಡಿ’ ಸ್ಥಿತಿಗೆ ಮರಳುತ್ತವೆ. ಗಾಡಿ ತನ್ನನ್ನು ತಾನು ಇನ್ನೂ ನೋಡಿಕೊಂಡಿಲ್ಲ ಎಂದಷ್ಟೇ ಅದರರ್ಥ.

ಅಮೆರಿಕಕ್ಕೆ ಹೋದ ನಮ್ಮ ಹುಡುಗರಿಗೆ ಈ ಪಾಠ ಬೇಗ ತಿಳಿಯುತ್ತದೆ. ಕ್ಯಾಲಿಫೋರ್ನಿಯಾದ ಸ್ಮಾಗ್ ತಪಾಸಣೆಯಲ್ಲಿ 2000 ಮತ್ತು ಅನಂತರದ ಮಾಡೆಲ್‌ನ ಪೆಟ್ರೋಲ್ ಕಾರಿಗೆ, ಪೆಟ್ರೋಲ್ ಆವಿಯ ಮಾನಿಟರ್ ಒಂದನ್ನು ಬಿಟ್ಟು ಉಳಿದೆಲ್ಲವೂ ರೆಡಿ ಇರಬೇಕು, ಇಲ್ಲವೆಂದರೆ ಪಾಸ್ ಇಲ್ಲ. ಬ್ಯಾಟರಿ ಕಳಚಿದರೂ ಅಳಿಯದ ಶಾಶ್ವತ ಕೋಡ್‌ಗಳನ್ನೂ ಅಲ್ಲಿ 2019ರ ಜುಲೈಯಿಂದ ಓದುತ್ತಾರೆ.

‘ಅಂಧೇರಿಯಲ್ಲಿ ಯಾರೂ ಮಾನಿಟರ್ ಕೇಳುವುದಿಲ್ಲವಲ್ಲ ಮಾವ’ ಎನ್ನುತ್ತೀಯ. ನಿಜ. ನಮ್ಮ ಪಿಯುಸಿ ಕೇಂದ್ರದವರು ಸೈಲೆನ್ಸರಿನೊಳಗೆ ನಳಿಗೆ ತೂರಿಸಿ ಹೊಗೆ ಅಳೆಯುತ್ತಾರೆ, ಸ್ಟೇರಿಂಗ್ ಕೆಳಗಿನ ಒಬಿಡಿ ಸಾಕೆಟ್ ಮುಟ್ಟುವುದಿಲ್ಲ. ದೀಪ ಉರಿಯುತ್ತಿದ್ದ ಕಾರೂ ಆ ದಿನದ ಮಟ್ಟಿಗೆ ಪಾಸಾದೀತು. ಆದರೆ ಬಿಎಸ್-4, ಬಿಎಸ್-6 ಗಾಡಿಗೆ ಆ ಚೀಟಿ ಒಂದು ವರ್ಷ ನಡೆಯುತ್ತದೆ, ಅಳೆದದ್ದು ಕೆಲವೇ ನಿಮಿಷದ ಹೊಗೆ. ಉಳಿದ ದಿನಗಳ ಲೆಕ್ಕ ಇಡುವುದು ಮಾನಿಟರ್ ಮಾತ್ರ. ಹಾಗಾಗಿ ಯಾರೂ ಕೇಳದಿದ್ದರೂ ನೀನು ಕೇಳು.

ಕ್ರಮ ಹೀಗಿರಲಿ. ಮೊದಲು ಸ್ಕ್ಯಾನರ್ ಹಾಕಿಸಿ ಕೋಡ್ ಬರೆದುಕೋ. ಕೋಡಿನಲ್ಲಿ ಯಾವ ಸೆನ್ಸರಿನ ಹೆಸರು ಬಂತೋ ಅದನ್ನೇ ಬದಲಿಸಲು ಆತುರಪಡಬೇಡ. ಸೈಲೆನ್ಸರ್ ಜೋಡಣೆಯಲ್ಲಿ ಗಾಳಿ ಸೋರುತ್ತಿದ್ದರೂ ಸೆನ್ಸರ್ ತಪ್ಪು ಓದುತ್ತದೆ. ಅಂಧೇರಿ ಸಬ್‌ವೇಯ ಮಳೆನೀರಿನಲ್ಲಿ ನುಗ್ಗಿಸಿದ ಗಾಡಿಯಾದರೆ ವೈರಿನ ಕನೆಕ್ಟರುಗಳಲ್ಲಿ ಕಿಲುಬು ಹಿಡಿದಿದೆಯೇ ನೋಡಿಸು. ರಿಪೇರಿ ಆದಮೇಲೆ ಕೋಡ್ ಅಳಿಸಲಿ, ಆಗ ಅಳಿಸುವುದು ನ್ಯಾಯ.

ಆಮೇಲೆ ಗಾಡಿಗೆ ಸಮಯ ಕೊಡು. ಎಸ್.ವಿ. ರೋಡಿನ ಟ್ರಾಫಿಕ್ಕಿನಲ್ಲಿ ತೆವಳುತ್ತಾ ವಾರಗಟ್ಟಲೆ ಓಡಿಸಿದರೂ ಕೆಲವು ಮಾನಿಟರ್‌ಗಳು ಪೂರ್ತಿಯಾಗಲಿಕ್ಕಿಲ್ಲ, ಅವಕ್ಕೆ ಒಂದೇ ಸಮನಾದ ವೇಗ ಬೇಕು. ಟ್ಯಾಂಕ್ ತುಳುಕುವಷ್ಟೂ ಬೇಡ, ರಿಸರ್ವಿಗೂ ಬರಬಾರದು, ಅರ್ಧದ ಆಸುಪಾಸು ಸಾಕು. ರಾತ್ರಿಯಿಡೀ ತಣ್ಣಗೆ ನಿಂತ ಗಾಡಿಯನ್ನು ಭಾನುವಾರ ಬೆಳಿಗ್ಗೆ ಬೇಗ ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷ ನಿಂತಲ್ಲೇ ಬಿಡು. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಹಿಡಿದು ದಹಿಸರ್ ದಾಟು. 2024ರ ಅಕ್ಟೋಬರಿನಿಂದ ಅಲ್ಲಿನ ನಾಕಾದಲ್ಲಿ ಕಾರಿಗೆ ಟೋಲೂ ಇಲ್ಲ. ರಸ್ತೆ ತೆರವಿದ್ದಲ್ಲಿ, ವೇಗಮಿತಿಯೊಳಗೆ, ಅರವತ್ತು ಎಪ್ಪತ್ತರ ವೇಗದಲ್ಲಿ ಹತ್ತು ನಿಮಿಷ ಏರಿಳಿತವಿಲ್ಲದೆ ಓಡಿಸು. ಹಿಂದೆ ಗಾಡಿ ಇಲ್ಲದಾಗ ಎಕ್ಸಲರೇಟರಿನಿಂದ ಕಾಲು ತೆಗೆದು, ಗೇರಿನಲ್ಲೇ ಇಟ್ಟು, ವೇಗ ತಾನಾಗಿ ಇಳಿಯಲು ಬಿಡು. ವಾಪಸಾದ ಮೇಲೆ ಸ್ಕ್ಯಾನರಿನಲ್ಲಿ ನೋಡು. ‘ರೆಡಿ’ ಬಾರದಿದ್ದರೆ ಇನ್ನೊಂದು ದಿನ ಹಾಗೆಯೇ ಹೋಗಿ ಬಾ. ಕಾರಿನಿಂದ ಕಾರಿಗೆ ಕ್ರಮ ಸ್ವಲ್ಪ ಬೇರೆಯಾಗುತ್ತದೆ, ನಿನ್ನ ಮಾಡೆಲಿನದನ್ನು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿಕೋ.

ಪಿಯುಸಿಗೆ ಹೋಗುವಾಗ ಇಂಜಿನ್ ಚೆನ್ನಾಗಿ ಬಿಸಿಯಾಗಿರಲಿ. ಕನ್ವರ್ಟರ್ ಸುಮಾರು 300 ಡಿಗ್ರಿ ಕಾಯದೆ ತನ್ನ ಕೆಲಸಕ್ಕೆ ಇಳಿಯುವುದಿಲ್ಲ. ಮನೆಯಿಂದ ಕೆಳಗಿಳಿದು ಪಕ್ಕದ ಪಂಪಿನಲ್ಲಿ ತಪಾಸಣೆಗೆ ನಿಂತು, ಫೇಲಾಯಿತೆಂದು ಯಂತ್ರವನ್ನು ಬೈದರೆ ಅರ್ಥವಿಲ್ಲ.

ಇನ್ನೆರಡು ಮಾತು ಕೇಳಿಬಿಡು. ಓಡುತ್ತಿರುವಾಗ ಆ ದೀಪ ಮಿಟುಕತೊಡಗಿದರೆ ಪಕ್ಕಕ್ಕೆ ನಿಲ್ಲಿಸು. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದರ್ಥ. ಅದರೊಳಗಿರುವುದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ, ಸುಟ್ಟುಹೋದರೆ ಕಿಸೆಯೂ ಸುಡುತ್ತದೆ. ಇನ್ನು, ಕನ್ವರ್ಟರಿನ ಹೊಟ್ಟೆ ಖಾಲಿ ಮಾಡಿಸಿದರೆ ಪಿಕಪ್ ಹೆಚ್ಚುತ್ತದೆ ಎನ್ನುವವನ ಗ್ಯಾರೇಜಿನ ಕಡೆ ತಲೆ ಹಾಕಬೇಡ.

ಗಾಡಿ ತಾರದೆ ಬರೀ ಫೋಟೋ ಕಳಿಸಿ ಸರ್ಟಿಫಿಕೇಟ್ ತೆಗೆದುಕೋ ಎನ್ನುವವರೂ ಸಿಗುತ್ತಾರೆ, ದೂರವಿರು. ಪಿಯುಸಿ ನಿಯಮ ಮೀರಿದರೆ ಮೋಟಾರು ವಾಹನ ಕಾಯ್ದೆಯ 190ನೇ ಕಲಂ ಪ್ರಕಾರ ಮೂರು ತಿಂಗಳವರೆಗೆ ಜೈಲು, ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೂರು ತಿಂಗಳು ಲೈಸೆನ್ಸೂ ಅಮಾನತು. ಕಾರಿಗೆ ಹದಿನೈದು ವರ್ಷ ತುಂಬಿದ ದಿನ ನೋಂದಣಿ ನವೀಕರಣಕ್ಕೆ ಚಾರ್ ಬಂಗ್ಲಾ ಹತ್ತಿರದ ಆರ್‌ಟಿಓದಲ್ಲಿ ನಿಲ್ಲಬೇಕಾದವನು ನೀನು, ಚೀಟಿ ಮಾರಿದವನಲ್ಲ.

ಕೋಡ್ ಓದಿಸು, ದೋಷ ತೆಗೆಸು, ಓಡಿಸು, ರೆಡಿ ಆಯಿತೇ ನೋಡು, ಆಮೇಲೆ ಪಿಯುಸಿ. ಈ ಕ್ರಮ ತಪ್ಪಿಸಬೇಡ. ನಿನ್ನ ಗಾಡಿ ಬಿಟ್ಟ ಗಾಳಿಯನ್ನೇ ಹಿಂದಿನ ರಿಕ್ಷಾದವನೂ, ಫುಟ್‌ಪಾತಿನಲ್ಲಿ ಶಾಲೆಗೆ ನಡೆಯುವ ಮಗುವೂ ಉಸಿರಾಡಬೇಕು.

ನಿನ್ನ ಮಾವ